ನೆರೆಹೊರೆ ಕಾವಲು: ತುಮಕೂರಿನ ಬಡಾವಣೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಡಾವಣೆಯ ಸಭೆಗಳಲ್ಲಿ, ಹಾಲಿನ ಬೂತಿನ ಹತ್ತಿರ, ಫೋನಿನಲ್ಲಿ, ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಕಾನೂನು ಮತ್ತು ಠಾಣೆಯ ವಿಷಯ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಶುರು ಮಾಡುವ ಮುನ್ನ

ನೆರೆಹೊರೆ ಕಾವಲು ಅಂದ್ರೆ ಏನು? ದೊಣ್ಣೆ ಹಿಡ್ಕೊಂಡು ರಾತ್ರಿ ತಿರುಗಬೇಕಾ?

ಬೇಡ. ಒಂದು ಬೀದಿಯವರು ಒಬ್ಬರನ್ನೊಬ್ಬರು ಗುರುತು ಹಿಡಿಯುವಷ್ಟು ಪರಿಚಯ ಇಟ್ಟುಕೊಳ್ಳಬೇಕು. ಏನೋ ಸರಿಯಿಲ್ಲ ಅನ್ನಿಸಿದರೆ ತಡಮಾಡದೆ ಪಕ್ಕದವರಿಗೂ ಪೊಲೀಸರಿಗೂ ತಿಳಿಸಬೇಕು. ಇಷ್ಟೇ. ಬೆನ್ನಟ್ಟುವುದು, ಹಿಡಿಯುವುದು, ವಿಚಾರಣೆ ಮಾಡುವುದು ಪೊಲೀಸರ ಕೆಲಸ.

ನಮ್ಮ ಕಡೆಗೆ ಇದು ಹೊಸದೇನೂ ಅಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ತಳವಾರ, ತೋಟಿಗಳು ಊರು ಕಾಯುತ್ತಿದ್ದರು. ಆ ಕೆಲಸ ಮನೆತನಕ್ಕೆ, ಜಾತಿಗೆ ಕಟ್ಟುಬಿದ್ದಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಹೋದವು, ಹೋಗಿದ್ದೇ ಒಳ್ಳೆಯದಾಯಿತು. ಆದರೆ ಕಾಯುವ ಕೆಲಸ ಯಾರದ್ದೂ ಅಲ್ಲದ ಹಾಗಾಯಿತು. ಅಮೆರಿಕದಲ್ಲಿ 1972ರಲ್ಲಿ ಅಲ್ಲಿನ ಶೆರಿಫ್‌ಗಳ (ಜಿಲ್ಲಾ ಮಟ್ಟದ ಪೊಲೀಸ್ ಅಧಿಕಾರಿಗಳ) ಸಂಘ ಈಗಿನ ರೂಪದ ನೆರೆಹೊರೆ ಕಾವಲನ್ನು ದೇಶದಾದ್ಯಂತ ಹಬ್ಬಿಸಿತು. 1982ರಲ್ಲಿ ಇಂಗ್ಲೆಂಡಿನ ಮಾಲಿಂಗ್ಟನ್ ಎಂಬ ಹಳ್ಳಿಯಲ್ಲಿ ಅಲ್ಲಿನ ಮೊದಲ ಗುಂಪು ಶುರುವಾಯಿತು.

ಇದರಿಂದ ಕಳ್ಳತನ ನಿಜವಾಗ್ಲೂ ಕಡಿಮೆ ಆಗುತ್ತಾ, ಇಲ್ಲ ಸುಮ್ನೆ ಮನಸ್ಸಿಗೆ ಸಮಾಧಾನನಾ?

ಆಗುತ್ತದೆ, ಆದರೆ ಪವಾಡ ಆಗುವುದಿಲ್ಲ. ಬೆನೆಟ್, ಹಾಲೊವೇ, ಫ್ಯಾರಿಂಗ್ಟನ್ ಎಂಬ ಮೂವರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2008ರಲ್ಲಿ ವರದಿ ಕೊಟ್ಟರು. ಕಾವಲು ಇದ್ದ ಕಡೆ ಅಪರಾಧ ಸರಾಸರಿ ಶೇ. 16ರಿಂದ 26ರಷ್ಟು ಕಡಿಮೆಯಾಗಿತ್ತು. ಅವರು ನೋಡಿದ್ದು ಹೆಚ್ಚಾಗಿ ಅಮೆರಿಕ, ಬ್ರಿಟನ್ನಿನ ಊರುಗಳನ್ನು. ಎಲ್ಲ ಕಡೆಯೂ ಒಂದೇ ಫಲ ಸಿಕ್ಕಿರಲಿಲ್ಲ. ಗೇಟಿಗೆ ಬೋರ್ಡ್ ಹಾಕಿ ಸುಮ್ಮನಾದರೆ ಏನೂ ಆಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಬೀದೀಲಿ ಯಾರಿಗೂ ಯಾರ ಪರಿಚಯಾನೂ ಇಲ್ಲ. ಎಲ್ಲಿಂದ ಶುರು ಮಾಡೋದು?

ತುಮಕೂರಿನಲ್ಲಿ ಇದೇ ದೊಡ್ಡ ಕಷ್ಟ. ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತಿದವರು ವಾಪಸ್ ಬರುವುದು ರಾತ್ರಿಗೆ. ಮಧ್ಯೆ ಖಾಲಿ ಸೈಟುಗಳು, ಪಿಜಿಗಳು, ವರ್ಷಕ್ಕೊಮ್ಮೆ ಬದಲಾಗುವ ಬಾಡಿಗೆದಾರರು. ಇಡೀ ಬಡಾವಣೆಯನ್ನು ಒಂದೇ ಸಲ ಸೇರಿಸಲು ಹೋಗಬೇಡಿ. ಒಂದು ಅಡ್ಡರಸ್ತೆಯ ಹದಿನೈದು ಇಪ್ಪತ್ತು ಮನೆ ಸಾಕು. ಒಂದು ಭಾನುವಾರ ಯಾರದಾದರೂ ಮನೆ ಮುಂದೆ ಕಾಫಿಗೆ ಕರೆಯಿರಿ. ಅಲ್ಲಿಂದ ಏಳುವಾಗ ಮನೆ ನಂಬರ್, ಹೆಸರು, ಫೋನ್ ಇರುವ ಒಂದು ಪಟ್ಟಿ ಸಿದ್ಧವಾಗಿರಲಿ.

ಬಾಡಿಗೆಯವರನ್ನು, ಪಿಜಿ ಹುಡುಗ ಹುಡುಗಿಯರನ್ನು ಬಿಡಬೇಡಿ. ಹಗಲು ಹೊತ್ತಿನಲ್ಲಿ ಬೀದಿಯಲ್ಲಿ ಇರುವವರನ್ನಂತೂ ಮರೆಯಲೇಬೇಡಿ. ಜಗಲಿ ಮೇಲೆ ಕೂತ ಅಜ್ಜಿ, ಗಾಡಿ ಇಟ್ಟುಕೊಂಡು ಇಸ್ತ್ರಿ ಮಾಡುವವರು, ಮೂಲೆಯ ಚಿಲ್ಲರೆ ಅಂಗಡಿಯವರು. ಬೀದಿಗೆ ಯಾರು ಬಂದರು, ಯಾರು ಎರಡನೇ ಸಲ ಬಂದರು ಅನ್ನುವುದು ಇವರಿಗೇ ಜಾಸ್ತಿ ಗೊತ್ತಿರುತ್ತದೆ. ಸಭೆಗೆ ಕರೆಯುವುದು ಮಾತ್ರ ಮನೆ ಮಾಲೀಕರನ್ನು! ಇದು ಬದಲಾಗಬೇಕು.

ನಮ್ಮ ಏರಿಯಾ ಬೀಟ್ ಪೊಲೀಸ್ ಯಾರು ಅಂತ ಹೇಗೆ ತಿಳ್ಕೊಳ್ಳೋದು?

ನಿಮ್ಮ ಠಾಣೆಗೆ ಹೋಗಿ ಕೇಳಿ, ಹೇಳುತ್ತಾರೆ. ನಗರದಲ್ಲಿ ತಿಲಕ್ ಪಾರ್ಕ್, ಹೊಸ ಬಡಾವಣೆ, ಜಯನಗರ, ಕ್ಯಾತ್ಸಂದ್ರ ಹೀಗೆ ಬೇರೆ ಬೇರೆ ಠಾಣೆಗಳಿವೆ. ಬೀದಿಯ ಈ ಕಡೆ ಒಂದು ಠಾಣೆ, ಆ ಕಡೆ ಇನ್ನೊಂದು ಇರುವುದೂ ಉಂಟು. ಅದಕ್ಕೇ ನಿಮ್ಮ ಮನೆ ಯಾವ ಠಾಣೆಗೆ ಸೇರುತ್ತದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. 2017ರಲ್ಲಿ ರಾಜ್ಯದ ಬೀಟ್ ವ್ಯವಸ್ಥೆಯನ್ನು ಬದಲಾಯಿಸಿ ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಪ್ರದೇಶದ ಹೊಣೆ ಕೊಟ್ಟರು, ಸ್ಥಳೀಯ ನಾಗರಿಕರನ್ನೂ ಜೊತೆಗೆ ಸೇರಿಸಿಕೊಂಡರು. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ಅದರಲ್ಲಿ ಬೀಟ್ ಸಿಬ್ಬಂದಿಯೇ ಮನೆಗೆ ಬಂದು ತೊಂದರೆ ಕೇಳಬೇಕು. ಬಂದಾಗ ಗೇಟಿನಲ್ಲೇ ನಿಲ್ಲಿಸಿ ಕಳಿಸಬೇಡಿ. ಗುರುತಿನ ಚೀಟಿ ನೋಡಿ, ಕೂರಿಸಿ, ಬೀದಿಯ ಕಥೆ ಹೇಳಿ. ಅವರ ನಂಬರು ಎಲ್ಲರ ಫೋನಿನಲ್ಲೂ ಇರಲಿ. ಆದರೆ ತುರ್ತು ಇದ್ದಾಗ ಮೊದಲ ಕರೆ 112ಕ್ಕೇ ಹೋಗಬೇಕು. ಬೀಟ್‌ನವರು ಅವತ್ತು ರಜೆಯಲ್ಲಿರಬಹುದು, 112ಕ್ಕೆ ರಜೆ ಇಲ್ಲ.

## ಮನೆ, ಬೀಗ, ಬೆಳಕು

ನಾಲ್ಕು ದಿನ ಊರಿಗೆ ಹೋಗ್ತಿದೀವಿ. ಮನೇಲಿ ಯಾರೂ ಇಲ್ಲ ಅಂತ ಗೊತ್ತಾಗದ ಹಾಗೆ ಏನು ಮಾಡೋದು?

ಬೀಗ ಹಾಕಿದ ಮನೆಯನ್ನು ಕಳ್ಳರು ಗುರುತಿಸುವುದು ಬೆಳಿಗ್ಗೆ ಹೊತ್ತು. ರಸ್ತೆಯಲ್ಲಿ ನಿಂತು ನೀವೇ ಒಮ್ಮೆ ನೋಡಿ. ಎಲ್ಲ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿರುತ್ತಾರೆ, ಒಂದು ಮನೆ ಮುಂದೆ ಮಾತ್ರ ನಿನ್ನೆಯ ರಂಗೋಲಿ ಅಳಿಸಿ ಧೂಳು ಹಿಡಿದಿರುತ್ತದೆ. ಗೇಟಿನೊಳಗೆ ಎರಡು ದಿನದ ಪೇಪರ್. ಹಗಲಲ್ಲೂ ಉರಿಯುತ್ತಿರುವ ವರಾಂಡ ದೀಪ. ಗೇಟಿನ ಹೊರಗಡೆ ಕಾಣುವ ಹಾಗೆ ದೊಡ್ಡ ಬೀಗ. ಕಾಲಿಂಗ್ ಬೆಲ್ ಒತ್ತಿ ನೋಡುವ ಅಗತ್ಯವೂ ಇಲ್ಲ.

ಹಾಗಾಗಿ ಪಕ್ಕದವರ ಸಹಾಯ ಕೇಳಿ. ಬೆಳಿಗ್ಗೆ ಅವರು ತಮ್ಮ ಬಾಗಿಲಿಗೆ ನೀರು ಹಾಕುವಾಗ ನಿಮ್ಮ ಬಾಗಿಲಿಗೂ ಹಾಕಿ ಎರಡೆಳೆ ರಂಗೋಲಿ ಬಿಡಲಿ. ಪೇಪರ್ ಎತ್ತಿಕೊಳ್ಳಲಿ. ಸಂಜೆ ದೀಪ ಹಾಕಿ ಬೆಳಿಗ್ಗೆ ಆರಿಸಲಿ. ಹಾಲು, ಪೇಪರ್ ನಿಲ್ಲಿಸಲು ಹಿಂದಿನ ದಿನವೇ ಹೇಳಿ. ಗೇಟಿನ ಬೀಗ ಒಳಮುಖವಾಗಿ ಹಾಕಿ. ಒಂದು ಬೈಕ್ ಅಂಗಳದಲ್ಲೇ ಇರಲಿ. ಯಾವ ದಿನ ಹೋಗಿ ಯಾವ ದಿನ ಬರುತ್ತೀರಿ ಅಂತ ಠಾಣೆಗೂ ತಿಳಿಸಿ, ರಾತ್ರಿ ಗಸ್ತಿನವರು ಆ ಕಡೆ ಒಂದು ಕಣ್ಣು ಇಡುತ್ತಾರೆ. ಧರ್ಮಸ್ಥಳದ ಫೋಟೋ, ತಿರುಪತಿಯ ಫೋಟೋ ಅಲ್ಲಿಂದಲೇ ಸ್ಟೇಟಸ್‌ಗೆ ಹಾಕಬೇಡಿ. ಮನೆಗೆ ಬಂದ ಮೇಲೆ ಹಾಕಿದರೂ ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಒಡವೆ ಬೀರುವಿನಲ್ಲಿ ಬಿಟ್ಟು ಹೋಗಬೇಡಿ. ಬ್ಯಾಂಕ್ ಲಾಕರ್ ವಾಸಿ. ಬ್ಯಾಂಕಿನ ನಿರ್ಲಕ್ಷ್ಯದಿಂದ ಲಾಕರ್‌ನಲ್ಲಿದ್ದುದು ಕಳೆದುಹೋದರೆ ವಾರ್ಷಿಕ ಬಾಡಿಗೆಯ 100 ಪಟ್ಟು ಹಣದವರೆಗೆ ಬ್ಯಾಂಕು ಹೊಣೆ ಎಂಬ ರಿಸರ್ವ್ ಬ್ಯಾಂಕ್ ನಿಯಮ 2022ರ ಜನವರಿಯಿಂದ ಇದೆ. ಒಡವೆಗಳ ಬಿಲ್ಲು, ತೂಕ, ಹತ್ತಿರದಿಂದ ತೆಗೆದ ಫೋಟೋ ಮಾತ್ರ ಮನೆಯಿಂದ ಹೊರಗೆ ಇನ್ನೊಂದು ಕಡೆಯೂ ಇರಲಿ.

ಯಾವ ಕಂಪನಿ ಬೀಗ ಒಳ್ಳೇದು?

ಬೀಗಕ್ಕಿಂತ ಕೊಂಡಿ ನೋಡಿ. ಸಾವಿರಾರು ರೂಪಾಯಿಯ ಬೀಗ ತಂದು, ಅರ್ಧ ಇಂಚಿನ ನಾಲ್ಕು ಸ್ಕ್ರೂ ಹೊಡೆದ ತೆಳು ಕೊಂಡಿಗೆ ಹಾಕಿದರೆ ಕಳ್ಳ ಬೀಗ ಮುಟ್ಟುವುದೇ ಇಲ್ಲ. ಕಬ್ಬಿಣದ ರಾಡು ಸಿಕ್ಕಿಸಿ ಒಮ್ಮೆ ಮೀಟಿದರೆ ಕೊಂಡಿ, ಸ್ಕ್ರೂ, ಬೀಗ ಮೂರೂ ಒಟ್ಟಿಗೆ ಕೈಗೆ ಬರುತ್ತವೆ. ಕೊಂಡಿಗೆ ಬಾಗಿಲಿನ ಆಚೆ ಕಡೆಯಿಂದ ನಟ್ಟು ಬಿಗಿಯುವ ಬೋಲ್ಟ್ ಹಾಕಿಸಿ. ಬಡಗಿಗೆ ಅರ್ಧ ಗಂಟೆ ಕೆಲಸ. ಹಿಂಬಾಗಿಲು, ತಾರಸಿ ಬಾಗಿಲುಗಳನ್ನೂ ನೋಡಿ. ಮುಂಬಾಗಿಲಿಗೆ ತೇಗದ ಮರ ಹಾಕಿಸಿ ತಾರಸಿಗೆ ಹಗುರದ ಪ್ಲೈವುಡ್ ಬಾಗಿಲು ಬಿಟ್ಟ ಮನೆಗಳು ನಮ್ಮ ಊರಲ್ಲಿ ಬೇಕಾದಷ್ಟಿವೆ.

ಎಲ್ಲರೂ ದುಡ್ಡು ಹಾಕಿ ಬೀದಿಗೆ ಸಿಸಿಟಿವಿ ಹಾಕಿಸಬೇಕು ಅಂತಿದೀವಿ. ಏನು ನೋಡಬೇಕು?

ಬಹಳ ಕ್ಯಾಮೆರಾಗಳು ತುಂಬ ಎತ್ತರದಲ್ಲಿದ್ದು ತಲೆ ಮಾತ್ರ ತೋರಿಸುತ್ತವೆ. ಬೀದಿಗೆ ಬರುವ, ಹೋಗುವ ಬಾಯಿಯಲ್ಲಿ ಮುಖ ಮತ್ತು ಗಾಡಿಯ ನಂಬರ್ ಕಾಣುವ ಎತ್ತರಕ್ಕೆ ಒಂದೊಂದು ಇರಲಿ. ರಾತ್ರಿ ಹೆಡ್‌ಲೈಟ್ ಬಿದ್ದಾಗ ನಂಬರ್ ಓದಲು ಆಗುತ್ತದಾ ಅಂತ ಹಾಕುವವರ ಮುಂದೆಯೇ ಪರೀಕ್ಷೆ ಮಾಡಿಸಿ. ರೆಕಾರ್ಡ್ ಆಗುವ ಪೆಟ್ಟಿಗೆ ಹಾಲ್‌ನ ಟಿವಿ ಪಕ್ಕ ಇದ್ದರೆ ಕಳ್ಳರು ಅದನ್ನೇ ಎತ್ತಿಕೊಂಡು ಹೋಗುತ್ತಾರೆ. ಕಣ್ಣಿಗೆ ಬೀಳದ ಜಾಗದಲ್ಲಿ ಇಡಿ, ಯುಪಿಎಸ್ ಕೊಡಿ.

ಗಡಿಯಾರ ಸರಿ ಇರಲಿ. ಪರದೆಯ ಮೇಲಿನ ಸಮಯ ನಲವತ್ತು ನಿಮಿಷ ಹಿಂದಿದ್ದರೆ ತನಿಖೆ ದಾರಿ ತಪ್ಪುತ್ತದೆ, ಕೋರ್ಟಿನಲ್ಲಿ ವಕೀಲರು ಮೊದಲು ಹಿಡಿಯುವುದೂ ಅದನ್ನೇ. ಕನಿಷ್ಠ 30 ದಿನದ ಚಿತ್ರ ಉಳಿಯಬೇಕು. ಹೆಚ್ಚು ಜನ ಸೇರುವ ಕಟ್ಟಡಗಳಿಗೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇಟ್ಟಿರುವ ಅಳತೆಯೂ ಅದೇ. ಪೊಲೀಸರು ದೃಶ್ಯ ಕೇಳಿದಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರಕ್ಕೆ ಸಹಿ ಕೇಳುತ್ತಾರೆ. ಹೆದರಬೇಡಿ, ಈ ಚಿತ್ರ ಇದೇ ಯಂತ್ರದಿಂದ ಬಂದದ್ದು ಅನ್ನುವ ದೃಢೀಕರಣ ಅದು. ಕ್ಯಾಮೆರಾ ಯಾರದೇ ಕಿಟಕಿ, ಬಚ್ಚಲು, ಅಂಗಳದ ಕಡೆ ತಿರುಗಿರಬಾರದು. ದೃಶ್ಯ ಯಾರು ನೋಡಬಹುದು ಅನ್ನುವುದನ್ನು ಮೊದಲೇ ಬರೆದಿಡಿ. ಕಾವಲಿನ ಹೆಸರಿನಲ್ಲಿ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಬಂದರು, ಯಾರ ಜೊತೆ ಬಂದರು ಅಂತ ನೋಡುವ ಚಟ ಶುರುವಾದರೆ ಆ ಕ್ಯಾಮೆರಾ ಕಿತ್ತುಹಾಕುವುದೇ ಸರಿ.

ಬೀದಿ ದೀಪ ಕೆಟ್ಟು ತಿಂಗಳಾಯ್ತು. ಬೆಸ್ಕಾಂಗೆ ಹೇಳಬೇಕಾ?

ಬೀದಿ ದೀಪದ ನಿರ್ವಹಣೆ ಮಹಾನಗರ ಪಾಲಿಕೆಯದು. ಕಂಬದ ನಂಬರ್ ಬರೆದು ಪಾಲಿಕೆಗೆ ದೂರು ಕೊಡಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಇಡೀ ಲೈನಿಗೇ ಕರೆಂಟ್ ಇಲ್ಲದಿದ್ದರೆ ಬೆಸ್ಕಾಂನ 1912.

## ದಿನನಿತ್ಯದ ಭಯಗಳು

ಬೆಳಿಗ್ಗೆ ರಂಗೋಲಿ ಹಾಕುವಾಗ, ವಾಕಿಂಗ್ ಹೋಗುವಾಗ ಸರ ಕಿತ್ಕೊಂಡು ಹೋಗ್ತಾರೆ. ಏನು ಮಾಡೋದು?

ಸಾಮಾನ್ಯವಾಗಿ ಬೈಕಿನಲ್ಲಿ ಇಬ್ಬರು. ಮೊದಲು ಒಂದು ಸುತ್ತು ಹೋಗಿ ನೋಡುತ್ತಾರೆ, ವಾಪಸ್ ಬಂದು ವಿಳಾಸ ಕೇಳುತ್ತಾರೆ. ವಿಳಾಸ ಕೇಳಿದವರಿಗೆ ದೂರದಿಂದಲೇ ಹೇಳಿ, ಬೈಕಿನ ಹತ್ತಿರ ಹೋಗಬೇಡಿ. ಬಗ್ಗಿ ರಂಗೋಲಿ ಬಿಡುವಾಗ ಸೆರಗು ಅಥವಾ ದುಪಟ್ಟಾ ಕುತ್ತಿಗೆ ಸುತ್ತ ಇರಲಿ. ನಡೆಯುವಾಗ ಎದುರಿಗೆ ಬರುವ ಗಾಡಿ ಕಾಣುವ ಬದಿಯಲ್ಲಿ ನಡೆಯಿರಿ. ಕಿತ್ತುಕೊಂಡರೆ ಸರ ಹಿಡಿದು ಎಳೆದಾಡಬೇಡಿ, ಬಿದ್ದು ತಲೆಗೆ ಪೆಟ್ಟಾಗುತ್ತದೆ. ಜೋರಾಗಿ ಕೂಗಿ. ಬೈಕಿನ ಬಣ್ಣ, ಹಿಂದೆ ಕೂತವನ ಬಟ್ಟೆ, ಯಾವ ಕಡೆ ತಿರುಗಿದರು ಅನ್ನುವುದನ್ನು ತಕ್ಷಣ 112ಕ್ಕೆ ಹೇಳಿ. ಬೈಕು ಹೆದ್ದಾರಿ ಸೇರಿಬಿಟ್ಟರೆ ಒಂದು ಕಡೆ ಶಿರಾ, ಇನ್ನೊಂದು ಕಡೆ ನೆಲಮಂಗಲ. ಅಷ್ಟರೊಳಗೆ ನಾಕಾಬಂದಿ ಆಗಬೇಕು ಅಂದರೆ ಮೊದಲ ಐದು ನಿಮಿಷವೇ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಹೋಗುವುದು 304ನೇ ಕಲಂ ಅಡಿ ಪ್ರತ್ಯೇಕ ಅಪರಾಧ. ಮೂರು ವರ್ಷದವರೆಗೆ ಶಿಕ್ಷೆ ಇದೆ.

‘ನಾವು ಪೊಲೀಸರು, ಮುಂದೆ ಗಲಾಟೆ ಆಗಿದೆ, ಒಡವೆ ಬಿಚ್ಚಿ ಪೇಪರಿನಲ್ಲಿ ಕಟ್ಟಿ ಕೊಡ್ತೀವಿ’ ಅನ್ನುವವರು ಕಳ್ಳರೇ. ಯಾವ ಪೊಲೀಸರೂ ರಸ್ತೆಯಲ್ಲಿ ಹಾಗೆ ಒಡವೆ ಬಿಚ್ಚಿಸುವುದಿಲ್ಲ.

ಗ್ರೂಪಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅಂತ ಫೋಟೋ ಬಂತು. ಫಾರ್ವರ್ಡ್ ಮಾಡಬೇಕಾ?

ಮಾಡಬೇಡಿ. 2018ರಲ್ಲಿ ಇಂಥವೇ ಸಂದೇಶಗಳು ರಾಜ್ಯದಲ್ಲಿ ಹರಿದಾಡಿದವು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪು ಹೊಡೆದು ಜನರನ್ನು ಕೊಂದಿತು. ಮುರ್ಕಿಯಲ್ಲಿ ಸತ್ತವರು ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ಸ್ನೇಹಿತರ ಜೊತೆ ಆ ಕಡೆ ಹೋಗಿದ್ದವರು, ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಯಿತು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ತಂದಿತು.

ಬೀದಿಯ ಗುಂಪಿಗೆ ಒಂದು ನಿಯಮ ಇರಲಿ: ಕಣ್ಣಾರೆ ಕಂಡದ್ದು ಮಾತ್ರ. ಎಲ್ಲಿ, ಎಷ್ಟು ಹೊತ್ತಿಗೆ, ಏನು ಕಂಡಿತು, ಯಾವ ಕಡೆ ಹೋಯಿತು, 112ಕ್ಕೆ ಹೇಳಿದ್ದೀರಾ. ಯಾರದೇ ಮುಖದ ಫೋಟೋ ಹಾಕಿ ‘ಕಳ್ಳ’ ಅಂತ ಬರೆಯುವುದು ಬೇಡ. ಶುಭೋದಯ, ರಾಜಕೀಯ, ಸೈಟ್ ಮಾರಾಟಕ್ಕೆ ಬೇರೆ ಗುಂಪು ಮಾಡಿಕೊಳ್ಳಿ. ದಿನಕ್ಕೆ ಐವತ್ತು ಸಂದೇಶ ಬರುವ ಗುಂಪನ್ನು ಜನ ಮ್ಯೂಟ್ ಮಾಡುತ್ತಾರೆ. ನಿಜವಾದ ಸುದ್ದಿಯೂ ಅದರ ಜೊತೆ ಮ್ಯೂಟ್ ಆಗುತ್ತದೆ.

ಹೊರಗಿನವರು, ಅಲೆಮಾರಿಗಳು ಬೀದೀಲಿ ಓಡಾಡ್ತಾರೆ. ಬರಬೇಡಿ ಅಂತ ಬೋರ್ಡ್ ಹಾಕಬಹುದಾ?

ಸಾರ್ವಜನಿಕ ರಸ್ತೆಗೆ ಬರಬೇಡಿ ಅನ್ನುವ ಹಕ್ಕು ನಮಗಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ತಂದು ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿದರು. 1952ರಲ್ಲಿ ಆ ಪಟ್ಟಿ ಹೋಯಿತು. ಕಂಬಳಿ ಮಾರುವವರನ್ನು, ಬುಡಬುಡಿಕೆಯವರನ್ನು, ಗುಜರಿ ಆಯುವ ಹೆಂಗಸನ್ನು, ವಸಂತನರಸಾಪುರದ ಫ್ಯಾಕ್ಟರಿಗೆ ಕೆಲಸಕ್ಕೆ ಬಂದ ಹಿಂದಿ ಮಾತಾಡುವ ಹುಡುಗನನ್ನು ನೋಡಿದ ಕೂಡಲೇ ಅನುಮಾನಿಸಿದರೆ ನಾವು ಆ ಪಟ್ಟಿಯನ್ನು ಮತ್ತೆ ಬರೆದ ಹಾಗೆ.

ಬಟ್ಟೆ, ಭಾಷೆ ನೋಡಬೇಡಿ, ನಡವಳಿಕೆ ನೋಡಿ. ಒಂದೊಂದೇ ಮನೆಯ ಗೇಟಿನ ಬೀಗ ಅಲ್ಲಾಡಿಸಿ ನೋಡುವುದು, ನಂಬರ್ ಪ್ಲೇಟ್ ಮುಚ್ಚಿದ ಗಾಡಿ, ಖಾಲಿ ಮನೆಯ ಕಾಂಪೌಂಡ್ ಹಾರುವುದು. ಇವನ್ನು ಯಾರು ಮಾಡಿದರೂ ತಿಳಿಸಿ, ಪಕ್ಕದ ಬೀದಿಯ ದೊಡ್ಡವರ ಮಗನಾದರೂ ಸರಿ.

ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ನಾವು ಬೆಂಗಳೂರಲ್ಲಿ. ಭಯ ಆಗುತ್ತೆ.

ಈಗ ವಯಸ್ಸಾದವರ ಹಣ ಬಾಗಿಲು ಮುರಿದು ಹೋಗುವುದಕ್ಕಿಂತ ಫೋನಿನಲ್ಲಿ ಹೋಗುವ ಭಯವೇ ಜಾಸ್ತಿ. ‘ನಿಮ್ಮ ಹೆಸರಲ್ಲಿ ಡ್ರಗ್ಸ್ ಪಾರ್ಸೆಲ್ ಬಂದಿದೆ, ವಿಡಿಯೋ ಕಾಲ್ ಕಟ್ ಮಾಡಬೇಡಿ, ಡಿಜಿಟಲ್ ಅರೆಸ್ಟ್ ಮಾಡಿದ್ದೀವಿ’ ಅಂತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದರೆ ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯುವ ಸಾಧ್ಯತೆ ಇರುತ್ತದೆ. ಈ ನಂಬರ್ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಪಕ್ಕದ ಮನೆಯವರ ಹತ್ತಿರ ಒಂದು ಮಾತು ಹೇಳಿಡಿ: ‘ಅಪ್ಪ ಅವಸರದಲ್ಲಿ ಬ್ಯಾಂಕಿಗೆ ಹೊರಟರೆ ನನಗೊಂದು ಫೋನ್ ಮಾಡಿ.’ ಹಿರಿಯರಿಗೆಂದೇ 14567 ಸಹಾಯವಾಣಿಯೂ ಇದೆ.

ಪಕ್ಕದ ಮನೇಲಿ ಗಂಡ ದಿನಾ ಹೊಡೀತಾನೆ. ಅದು ಅವರ ಮನೆ ವಿಷಯ ಅಲ್ವಾ?

ಅಲ್ಲ. ಕಾವಲು ಅಂದರೆ ಬೀಗ ಮಾತ್ರ ಕಾಯುವುದಾ? ಹೊಡೆತದ ಸದ್ದು ಕೇಳುತ್ತಿರುವಾಗಲೇ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಕಲಂ ಪ್ರಕಾರ ಹಿಂಸೆ ನಡೆಯುತ್ತಿದೆ ಅಂತ ನಂಬಲು ಕಾರಣ ಇರುವ ಯಾರಾದರೂ ಸಂರಕ್ಷಣಾಧಿಕಾರಿಗೆ (ಈ ಕಾಯ್ದೆಗೆಂದೇ ಸರ್ಕಾರ ನೇಮಿಸಿದ ಅಧಿಕಾರಿ) ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ಆ ಅಕ್ಕನಿಗೆ ಹಗಲು ಹೊತ್ತಿನಲ್ಲಿ, ಗಂಡ ಇಲ್ಲದಾಗ, ‘ಯಾವ ಹೊತ್ತಿಗಾದರೂ ನಮ್ಮ ಬಾಗಿಲು ತಟ್ಟಿ’ ಅಂತ ಒಂದು ಮಾತು ಹೇಳಿ.

## ಕಾನೂನು, ಠಾಣೆ, ಗಸ್ತು

ಕಳ್ಳ ಕೈಗೆ ಸಿಕ್ಕಿದರೆ ಕಂಬಕ್ಕೆ ಕಟ್ಟಿ ನಾಲ್ಕು ಬಿಡಬಹುದಾ?

ಬಿಡಬಾರದು. ನಿಮ್ಮ ಕಣ್ಣೆದುರೇ ಜಾಮೀನಿಲ್ಲದ, ಪೊಲೀಸರು ನೇರ ಬಂಧಿಸಬಹುದಾದ ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕರೂ ಹಿಡಿಯಬಹುದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಅಷ್ಟು ಅವಕಾಶ ಕೊಡುತ್ತದೆ. ಆದರೆ ಸುಮ್ಮನೆ ತಡಮಾಡದೆ, ಏನೇ ಆದರೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಿಡಿದ ಮೇಲೆ ಹೊಡೆದರೆ ಆಪಾದಿತರ ಜಾಗದಲ್ಲಿ ನೀವು ನಿಲ್ಲುತ್ತೀರಿ. ಆತ್ಮರಕ್ಷಣೆಯ ಹಕ್ಕು ನಿಮಗಿದೆ, ಆದರೆ ರಕ್ಷಣೆಗೆ ಬೇಕಾದಷ್ಟು ಮಾತ್ರ. ಓಡಿಹೋಗುತ್ತಿರುವವನ ತಲೆಗೆ ಕಲ್ಲು ಎತ್ತಿಹಾಕುವುದು ಅದರಲ್ಲಿ ಬರುವುದಿಲ್ಲ. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಊರಿನಂಥ ಕಾರಣಕ್ಕೆ ಕೊಂದರೆ ನ್ಯಾಯ ಸಂಹಿತೆಯ 103(2)ರಲ್ಲಿ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ. ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ನಿಂತವರನ್ನೂ ಪೊಲೀಸರು ಹುಡುಕಿಕೊಂಡು ಬರುತ್ತಾರೆ.

ಬಂದು ನೋಡಿದ್ರೆ ಬಾಗಿಲು ಮುರಿದಿದೆ. ಮೊದಲು ಏನು ಮಾಡಬೇಕು?

ಒಳಗೆ ಹೋಗಬೇಡಿ, ಕಳ್ಳರು ಇನ್ನೂ ಒಳಗಿರಬಹುದು. ಹೊರಗೇ ನಿಂತು 112ಕ್ಕೆ ಕರೆ ಮಾಡಿ. ಬೀರುವಿನಲ್ಲಿ ಏನು ಹೋಯಿತು ಅಂತ ನೋಡುವ ಆತುರ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ಬೆರಳಚ್ಚು ಸಿಗುವುದು ಅಲ್ಲೇ. ಮಹಜರು ಮುಗಿಯುವವರೆಗೆ ಕಸ ಗುಡಿಸುವುದೂ ಬೇಡ. ಸಮಾಧಾನಕ್ಕೆ ಬಂದ ನೆಂಟರು, ನೆರೆಯವರು ಅಂಗಳದಲ್ಲೇ ಇರಲಿ.

ಮುಂದಿನ ಕೆಲವು ವಾರ ಅದೇ ಮನೆಗೂ ಅಕ್ಕಪಕ್ಕದ ಮನೆಗಳಿಗೂ ಅಪಾಯ ಜಾಸ್ತಿ. ಆ ಬೀದಿಯ ದಾರಿ, ಬಾಗಿಲು ಎಲ್ಲ ಕಳ್ಳರಿಗೆ ಪರಿಚಯ ಆಗಿರುತ್ತದೆ. ಆದ್ದರಿಂದ ಕಳ್ಳತನ ಆದ ಮನೆಯವರು ನಾಚಿಕೊಂಡು ಮುಚ್ಚಿಡಬಾರದು, ಅವತ್ತೇ ಇಡೀ ಬೀದಿಗೆ ತಿಳಿಸಬೇಕು. ಮೊಬೈಲ್ ಹೋಗಿದ್ದರೆ ದೂರಿನ ಪ್ರತಿ ಇಟ್ಟುಕೊಂಡು, ಕಳೆದ ಫೋನು ಬ್ಲಾಕ್ ಮಾಡುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿ. ಅದಕ್ಕೆ ಐಎಂಇಐ ನಂಬರ್, ಅಂದರೆ ಆ ಫೋನಿನದೇ ಗುರುತಿನ ಸಂಖ್ಯೆ ಬೇಕು. ಈಗಲೇ *#06# ಒತ್ತಿ ಬರೆದಿಟ್ಟುಕೊಳ್ಳಿ.

ಠಾಣೇಲಿ ‘ಇದು ನಮ್ಮ ವ್ಯಾಪ್ತಿ ಅಲ್ಲ’ ಅಂದ್ರು. ಈಗೇನು?

ವ್ಯಾಪ್ತಿ ಯಾವುದೇ ಇರಲಿ, ದೂರು ತೆಗೆದುಕೊಂಡು ಆಮೇಲೆ ಸರಿಯಾದ ಠಾಣೆಗೆ ಕಳಿಸಬೇಕು. ಇದನ್ನೇ ಶೂನ್ಯ ಎಫ್ಐಆರ್ ಅನ್ನುವುದು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ದೂರನ್ನು ಎಲೆಕ್ಟ್ರಾನಿಕ್ ಮಾರ್ಗದಲ್ಲೂ ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್ಐಆರ್ ಪ್ರತಿ ಉಚಿತ. ಆದರೂ ತೆಗೆದುಕೊಳ್ಳದಿದ್ದರೆ ದೂರನ್ನು ಬರೆದು ಅಂಚೆಯಲ್ಲಿ ಎಸ್‌ಪಿ ಅವರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಹೋಗುವಾಗ ಬೀದಿಯ ಇಬ್ಬರು ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ.

ಹುಡುಗರು ರಾತ್ರಿ ಗಸ್ತು ತಿರುಗ್ತೀವಿ ಅಂತಾರೆ. ಬಿಡಬಹುದಾ?

ಠಾಣೆಗೆ ಹೆಸರುಗಳನ್ನು ಕೊಟ್ಟು, ಅವರು ಒಪ್ಪಿದರೆ ಮಾತ್ರ. ಟಾರ್ಚು, ಶಿಳ್ಳೆ, ಫೋನು ಸಾಕು. ದೊಣ್ಣೆ, ಮಚ್ಚು ಬೇಡವೇ ಬೇಡ. ಗಾಡಿ ನಿಲ್ಲಿಸಿ ತಪಾಸಣೆ ಮಾಡುವ, ಗುರುತಿನ ಚೀಟಿ ಕೇಳುವ ಅಧಿಕಾರ ಅವರಿಗಿಲ್ಲ. ಕುಡಿದು ಬಂದವರನ್ನು ಸೇರಿಸಿಕೊಳ್ಳಬೇಡಿ. ಉತ್ಸಾಹ ಇರುವ ಹುಡುಗರಿಗೆ ಹೋಂ ಗಾರ್ಡ್ ಸೇರುವ ದಾರಿ ತೋರಿಸಿ. ಅಲ್ಲಿ ಸರಿಯಾದ ತರಬೇತಿ ಸಿಗುತ್ತದೆ.

ನಮ್ಮದು ಹಳ್ಳಿ. ಕಳ್ಳರು ಮನೆಗೆ ಬರಲ್ಲ, ತೋಟಕ್ಕೆ ಬರ್ತಾರೆ. ನಮಗೇನು ದಾರಿ?

ಶಿರಾ, ಪಾವಗಡ ಕಡೆಯವರಿಗೆ ಕುರಿಯ ಚಿಂತೆ, ತಿಪಟೂರು, ಗುಬ್ಬಿ ಕಡೆಯವರಿಗೆ ಕೊಬ್ಬರಿ, ಅಡಿಕೆಯ ಚಿಂತೆ. ಎಲ್ಲ ಕಡೆಯೂ ಪಂಪ್‌ಸೆಟ್ ಕೇಬಲ್. 2023ರಲ್ಲಿ ಟೊಮೆಟೊ ಬೆಲೆ ಏರಿದಾಗ ಕೋಲಾರದ ರೈತರು ರಾತ್ರಿ ಹೊಲದಲ್ಲೇ ಮಲಗಿದ್ದನ್ನು ನೋಡಿದ್ದೇವೆ.

ಕೇಬಲ್ ಕಳ್ಳರಿಗೆ ಬೇಕಾಗಿರುವುದು ತಾಮ್ರ. ಕದ್ದ ಕೇಬಲ್ಲನ್ನು ಹಾಗೇ ಮಾರಲಾಗದೆ ಕೆರೆ ಏರಿ ಹಿಂದೆಯೋ ಹಳ್ಳದಲ್ಲೋ ಸುಟ್ಟು ಮೇಲಿನ ಪ್ಲಾಸ್ಟಿಕ್ ತೆಗೆಯುತ್ತಾರೆ. ರಾತ್ರಿ ಹೊತ್ತು ಕಮಟು ಪ್ಲಾಸ್ಟಿಕ್ ಹೊಗೆ ಮೂಗಿಗೆ ಬಡಿದರೆ ಕಸ ಸುಡುತ್ತಿದ್ದಾರೆ ಅಂತ ಸುಮ್ಮನಾಗಬೇಡಿ, ಫೋನ್ ಮಾಡಿ. ಕೇಬಲ್ಲನ್ನು ಪೈಪಿನೊಳಗೆ ಹಾಕಿ ಹೂಳಿಸಿ. ಮೋಟಾರಿನ ಮೇಲಿರುವ ನಂಬರಿನ ಫೋಟೋ ತೆಗೆದಿಡಿ. ದನಗಳ ಕಿವಿಯ 12 ಅಂಕಿಯ ಟ್ಯಾಗ್ ನಂಬರ್ ಬರೆದಿಟ್ಟುಕೊಳ್ಳಿ. ಕುರಿಗಳಿಗೆ ಊರಿಗೆ ಗೊತ್ತಿರುವ ಒಂದು ಗುರುತು ಇರಲಿ. ಅಕ್ಕಪಕ್ಕದ ಹಳ್ಳಿಗಳ ಹೆಸರುವಾಸಿ ಕುರಿ ಸಂತೆಗಳಲ್ಲಿ ಪರಿಚಯದವರ ನಂಬರ್ ಇದ್ದರೆ ಕದ್ದ ಮರಿ ಮಾರಾಟಕ್ಕೆ ಬಂದಾಗ ಸುದ್ದಿ ಸಿಗುತ್ತದೆ. ಊರಿನವರು ವಿಧಿಪ್ರಕಾರ ಒಂದು ದಳ ಕಟ್ಟಬೇಕೆಂದರೆ 1964ರ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಇದೆ. ಎಸ್‌ಪಿ ಕಚೇರಿಗೆ ಮನವಿ ಕೊಟ್ಟು ಕೇಳಿ.

ಈಚೆಗೆ ಕಳ್ಳತನ ಆಗಿಲ್ಲ, ಸಭೆಗೆ ಯಾರೂ ಬರ್ತಿಲ್ಲ. ಮುಚ್ಚಿಬಿಡೋಣ್ವಾ?

ಮುಚ್ಚಬೇಡಿ, ಸಭೆ ಕಡಿಮೆ ಮಾಡಿ. ಕಳ್ಳತನದ ಒಂದೇ ವಿಷಯಕ್ಕೆ ಜನ ಎಷ್ಟು ಸಲ ಬರುತ್ತಾರೆ? ಖಾಲಿ ಸೈಟಿನ ಪೊದೆ, ಬೀದಿ ನಾಯಿ, ಕುಡಿಯುವ ನೀರು ಇವನ್ನೂ ಸೇರಿಸಿ. ಗಣೇಶನ ಹಬ್ಬಕ್ಕೆ ಹೇಗೂ ಬೀದಿ ಸೇರುತ್ತದೆ, ಅಲ್ಲೇ ಅರ್ಧ ಗಂಟೆ ತೆಗೆದುಕೊಳ್ಳಿ. ಶಿವರಾತ್ರಿಗೆ ಸಿದ್ದಗಂಗೆ ಜಾತ್ರೆಗೆ ಮನೆಮಂದಿಯೆಲ್ಲ ಹೊರಡುವ ಮುನ್ನ, ಬೇಸಿಗೆ ರಜೆಯ ಮುನ್ನ ಒಂದೊಂದು ನೆನಪಿನ ಸಂದೇಶ ಹಾಕಿ. ಒಬ್ಬರ ಹೆಗಲ ಮೇಲೇ ಎಲ್ಲ ಹೊರೆ ಬೇಡ. ವರ್ಷಕ್ಕೊಮ್ಮೆ ಹೊಣೆ ಬದಲಾಯಿಸಿ, ಹೆಂಗಸರಿಗೂ ಕೊಡಿ. ಯುಗಾದಿಗೆ ಫೋನ್ ಪಟ್ಟಿ ತಿದ್ದಿ: ಮನೆ ಖಾಲಿ ಮಾಡಿದವರ ಹೆಸರು ತೆಗೆದು, ಹೊಸದಾಗಿ ಬಂದವರ ಮನೆಗೆ ಯಾರಾದರೂ ಒಬ್ಬರು ಹೋಗಿ ಮಾತಾಡಿಸಿ, ಅವರ ಹೆಸರು, ನಂಬರ್ ಸೇರಿಸಿಕೊಂಡು ಬನ್ನಿ.